ಊಟ ಬಿಟ್ಟ ನ್ಯೂಟ್ ಮತ್ತು ಅರ್ಜಿ ಕೇಳುವ ಕಾನೂನು

ಕಾಚಿಗೂಡದಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಒಂದು ಪ್ರಶ್ನೆ ಚೆನ್ನಾಗಿ ಪರಿಚಯ. ಮುಂಗಡ, ನೀರು ಬಿಡುವ ವೇಳೆ, ಲಿಫ್ಟಿನ ಖರ್ಚು ಎಲ್ಲ ಮಾತಾಡಿ ಮುಗಿದ ಮೇಲೆ ಮಾಲೀಕರು ಕೇಳುತ್ತಾರೆ: ‘ನಾಯಿ ಗೀಯಿ ಇಲ್ಲ ತಾನೆ?’ ಇದೆ ಎಂದರೆ ಬೀಗದ ಕೈ ಮತ್ತೆ ಅವರ ಜೇಬಿಗೇ ಹೋಗುತ್ತದೆ. ಊರು ಬಿಟ್ಟು ಬಂದ ಕುಟುಂಬಗಳಲ್ಲಿ ಮಕ್ಕಳಿಗೆ ಒಂದು ಜೀವ ಬೇಕು, ಮಾಲೀಕರಿಗೆ ಸದ್ದು ಬೇಡ. ಇವೆರಡಕ್ಕೂ ಹೊಂದುವಂತೆ ಮೊದಲು ಮೀನು ಬಂತು, ಆಮೇಲೆ ಆಮೆ ಬಂತು. ಈಗ ಬಂದಿರುವುದು ನ್ಯೂಟ್ ಮತ್ತು ಆಕ್ಸಲಾಟಲ್. ಇವು ಬೊಗಳುವುದಿಲ್ಲ, ಕೂದಲು ಉದುರಿಸುವುದಿಲ್ಲ, ಗಾಜಿನ ತೊಟ್ಟಿಯೊಂದಿದ್ದರೆ ಸಾಕು ಎಂದು ಅಂಗಡಿಯವರು ಹೇಳುತ್ತಾರೆ.

ಇಂಥ ಹೊರದೇಶದ ಜೀವಿಗಳ ವಿಷಯದಲ್ಲಿ ಕೇಂದ್ರ ಸರ್ಕಾರ ಕೆಲವು ವರ್ಷಗಳಿಂದ ಒಂದೊಂದೇ ಹೆಜ್ಜೆ ಇಡುತ್ತಿದೆ. 2020ರ ಜೂನ್‌ನಲ್ಲಿ ಸ್ವಯಂಘೋಷಣೆಗೆ ಅವಕಾಶ ಬಂತು. ವನ್ಯಜೀವಿ ಸಂರಕ್ಷಣಾ ತಿದ್ದುಪಡಿ ಕಾಯ್ದೆ 2022ರ ಡಿಸೆಂಬರ್‌ನಲ್ಲಿ ಅಂಗೀಕಾರವಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. 2024ರ ಫೆಬ್ರವರಿ 28ರಂದು ಸಾಕಿದ ಜೀವಿಗಳ ವರದಿ ಮತ್ತು ನೋಂದಣಿಯ ನಿಯಮಗಳು ಹೊರಬಿದ್ದವು. ಕಾಗದದ ಮೇಲೆ ಇವೆಲ್ಲ ಒಳ್ಳೆಯ ಕ್ರಮಗಳೇ. ಆದರೆ ತೊಟ್ಟಿಯೊಳಗಿನ ಜೀವಿ ಊಟ ಬಿಟ್ಟು ಕೂತಾಗ ಈ ಕಾನೂನು ಎಷ್ಟರಮಟ್ಟಿಗೆ ನೆರವಾಗುತ್ತದೆ? ಈ ಪ್ರಶ್ನೆ ನನಗೆ ಎದುರಾದದ್ದು ಪಕ್ಕದ ಮನೆಯಲ್ಲಿ. ಉತ್ತರ ಹುಡುಕುತ್ತಾ ಹೋದಾಗ ಅದು ಹೈದರಾಬಾದಿನ ಬಿಸಿಲಿನಿಂದ ನಮ್ಮ ಪಶ್ಚಿಮಘಟ್ಟದ ಹಳ್ಳಗಳವರೆಗೂ ಕರೆದೊಯ್ದಿತು.

ಯಾವುದಿದು ನ್ಯೂಟ್?

ನ್ಯೂಟ್ ಎಂಬುದು ಸಲಮಾಂಡರ್ ಬಳಗದ, ಬಾಲವಿರುವ ಉಭಯವಾಸಿ. ನೋಡಲು ಹಲ್ಲಿಯಂತಿದ್ದರೂ ಕಪ್ಪೆಗೆ ಹತ್ತಿರದ ಸಂಬಂಧಿ. ಮೈಮೇಲೆ ಹುರುಪೆಯಿಲ್ಲ, ತೇವದ ತೆಳು ಚರ್ಮವಷ್ಟೇ. ನೀರನ್ನೂ ಸ್ವಲ್ಪಮಟ್ಟಿಗೆ ಉಸಿರನ್ನೂ ಈ ಚರ್ಮದ ಮೂಲಕವೇ ಎಳೆದುಕೊಳ್ಳುತ್ತದೆ. ದಕ್ಷಿಣ ಭಾರತದಲ್ಲಿ ಕಪ್ಪೆಗಳಿವೆ, ಮಣ್ಣೊಳಗೆ ಬದುಕುವ ಕಾಲಿಲ್ಲದ ಸಿಸಿಲಿಯನ್‌ಗಳಿವೆ. ಆದರೆ ಬಾಲವಿರುವ ಈ ಬಳಗ ಇಲ್ಲಿ ಇಲ್ಲವೇ ಇಲ್ಲ. ಭಾರತದಲ್ಲಿ ಅದು ಇರುವುದು ಡಾರ್ಜಿಲಿಂಗ್ ಮತ್ತು ಈಶಾನ್ಯದ ಗುಡ್ಡಗಳಲ್ಲಿ ಮಾತ್ರ. ಡಾರ್ಜಿಲಿಂಗ್ ಬಳಿಯ ಜೋರ್‌ಪೋಖ್ರಿಯಲ್ಲಿ ಇದಕ್ಕೆಂದೇ 1985ರಲ್ಲಿ ಪುಟ್ಟ ಅಭಯಾರಣ್ಯ ಮಾಡಲಾಗಿದೆ. ಆ ಹಿಮಾಲಯದ ನ್ಯೂಟ್ ರಕ್ಷಿತ ಜೀವಿ. ಅದನ್ನು ಮನೆಯಲ್ಲಿ ಸಾಕುವಂತಿಲ್ಲ.

ಸಾಕುವವರ ಬಳಿ ಸಾಮಾನ್ಯವಾಗಿ ಇರುವುದು ಎರಡು ಬಗೆ. ಒಂದು, ಕಪ್ಪು ಬೆನ್ನು ಮತ್ತು ಕೆಂಪು-ಕಿತ್ತಳೆ ಹೊಟ್ಟೆಯ ಚೀನಾ ಮೂಲದ ನ್ಯೂಟ್. ಇನ್ನೊಂದು ಮೆಕ್ಸಿಕೊದ ಆಕ್ಸಲಾಟಲ್. ಇದು ನ್ಯೂಟ್ ಅಲ್ಲ, ಆದರೆ ಅದೇ ಬಳಗದ ಸಲಮಾಂಡರ್. 2021ರಲ್ಲಿ ಮೈನ್‌ಕ್ರಾಫ್ಟ್ ಆಟದೊಳಗೆ ಬಂದ ಮೇಲೆ ಆಕ್ಸಲಾಟಲ್ ಲೋಕದ ಮಕ್ಕಳಿಗೆಲ್ಲ ಗೊತ್ತಾಯಿತು. ವಿಪರ್ಯಾಸ ನೋಡಿ: ಲಕ್ಷಾಂತರ ಆಕ್ಸಲಾಟಲ್‌ಗಳು ಗಾಜಿನ ತೊಟ್ಟಿಗಳಲ್ಲಿವೆ, ಅದರ ತವರಾದ ಮೆಕ್ಸಿಕೊ ನಗರದ ಸೋಚಿಮಿಲ್ಕೊ ಕಾಲುವೆಗಳಲ್ಲಿ ಮಾತ್ರ ಅಳಿವಿನ ಅಂಚಿಗೆ ಬಂದಿದೆ. 1998ರ ಗಣತಿಯಲ್ಲಿ ಅಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದವು. 2014ರ ಹೊತ್ತಿಗೆ ಸುಮಾರು 36.

ನಮ್ಮ ಪಕ್ಕದ ಮನೆಯವರು ಮೂಡಿಗೆರೆ ಕಡೆಯವರು. ಗಂಡ ಹೆಂಡತಿ ಇಬ್ಬರೂ ಐಟಿ ಕೆಲಸ, ಒಂಬತ್ತು ವರ್ಷದ ಮಗ. ಮಗ ಕೇಳಿದ್ದು ಆಕ್ಸಲಾಟಲ್. ಬೆಲೆ ಹೆಚ್ಚೆಂದು ಅಂಗಡಿಯವರು ಎರಡು ಕೆಂಪುಹೊಟ್ಟೆಯ ನ್ಯೂಟ್ ಕೊಟ್ಟು ಕಳಿಸಿದ್ದರು. ರಸೀದಿಯಿಲ್ಲ, ಜಾತಿಯ ಹೆಸರು ಬರೆದ ಚೀಟಿಯಿಲ್ಲ. ‘ಮೀನಿನ ಹಾಗೆಯೇ, ಮೀನಿನ ಕಾಳೇ ಹಾಕಿ’ ಎಂಬ ಒಂದೇ ಮಾತು. ಫೆಬ್ರವರಿಯಲ್ಲಿ ತಂದವು ಮಾರ್ಚ್‌ವರೆಗೆ ಚೆನ್ನಾಗಿಯೇ ಇದ್ದವು. ಏಪ್ರಿಲ್ ಬರುತ್ತಲೇ ಎರಡೂ ಊಟ ಬಿಟ್ಟವು. ಒಂದು ನೀರಿನಿಂದ ಮೇಲೆ ಹತ್ತಿ ಗಾಜಿಗೆ ಅಂಟಿಕೊಂಡು ಕೂರುತ್ತಿತ್ತು. ನಾನು ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ನೀರಿನ ಗುಣಮಟ್ಟ ನೋಡುವ ಕೆಲಸದವನು. ಹಾಗಾಗಿ ಆ ತಾಯಿ ಒಂದು ಸಂಜೆ ಬಾಗಿಲು ತಟ್ಟಿ, ‘ಅಣ್ಣ, ನೀರಲ್ಲಿ ಏನಾದ್ರೂ ಇದ್ಯಾ ನೋಡ್ತೀರಾ? ಎಂಟು ದಿನ ಆಯ್ತು, ಒಂದು ತುತ್ತೂ ತಿಂದಿಲ್ಲ’ ಅಂದರು.

ಹೊಟ್ಟೆಯ ಕಾಯಿಲೆಯಲ್ಲ, ಕೋಣೆಯ ಕಾಯಿಲೆ

ಮಧ್ಯಾಹ್ನ ಮೂರು ಗಂಟೆಗೆ ಆ ತೊಟ್ಟಿಯ ನೀರಿನ ಉಷ್ಣತೆ 31 ಡಿಗ್ರಿ ಸೆಲ್ಸಿಯಸ್ ಇತ್ತು. ಈ ಜಾತಿಯ ನ್ಯೂಟ್‌ಗೆ ಹಿತವಾದದ್ದು ಸುಮಾರು 16ರಿಂದ 22 ಡಿಗ್ರಿ. 25 ದಾಟಿತೆಂದರೆ ಅದಕ್ಕೆ ಸಂಕಟ ಶುರು. ಆಕ್ಸಲಾಟಲ್‌ಗೆ ಇನ್ನೂ ತಂಪು ಬೇಕು, 16ರಿಂದ 18 ಡಿಗ್ರಿ. ಹೈದರಾಬಾದಿನಲ್ಲಿ ಏಪ್ರಿಲ್, ಮೇ ತಿಂಗಳ ಹಗಲು 40 ಡಿಗ್ರಿ ಮುಟ್ಟುವುದು ಸಾಮಾನ್ಯ. ಮೇಲಿನ ಮಹಡಿಯ ಕೋಣೆಯಲ್ಲಿ ಎಸಿ ರಾತ್ರಿ ಮಾತ್ರ ಓಡುತ್ತದೆ, ಹಗಲು ಮನೆಯವರೆಲ್ಲ ಕೆಲಸದಲ್ಲಿರುತ್ತಾರೆ. ತೊಟ್ಟಿ ಆ ಹೊತ್ತೆಲ್ಲ ಬೇಯುತ್ತಿರುತ್ತದೆ.

ಬಿಸಿ ಒಂದೇ ಬರುವುದಿಲ್ಲ, ಜೊತೆಗೆ ಇನ್ನೆರಡನ್ನು ಕರೆತರುತ್ತದೆ. ಮೊದಲನೆಯದು ಆಮ್ಲಜನಕದ ಕೊರತೆ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಎರಡನೆಯದು ಅಮೋನಿಯಾ. ಜೀವಿಯ ಮಲಮೂತ್ರ ಮತ್ತು ತಿನ್ನದೆ ಬಿಟ್ಟ ಕಾಳು ಕೊಳೆತು ಅಮೋನಿಯಾ ಆಗುತ್ತದೆ. ನೀರು ಬಿಸಿಯಾದಷ್ಟೂ, ಕ್ಷಾರ ಹೆಚ್ಚಿದಷ್ಟೂ ಅದರ ವಿಷದ ಅಂಶ ಹೆಚ್ಚುತ್ತದೆ. ಹಳೆಯ, ನೆಲೆಗೊಂಡ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ಮತ್ತೆ ಅಷ್ಟೊಂದು ಹಾನಿಯಿಲ್ಲದ ನೈಟ್ರೇಟ್ ಮಾಡುತ್ತವೆ. ಆ ಬ್ಯಾಕ್ಟೀರಿಯಾ ಬೆಳೆಯಲು ಹಲವು ವಾರ ಬೇಕು. ಇವರ ಮನೆಯಲ್ಲಿ ತೊಟ್ಟಿ ತಂದ ದಿನವೇ ನ್ಯೂಟ್‌ಗಳನ್ನೂ ಬಿಡಲಾಗಿತ್ತು. ಮೇಲಾಗಿ, ಸ್ವಚ್ಛವಾಗಲಿ ಎಂದು ವಾರಕ್ಕೊಮ್ಮೆ ಇಡೀ ನೀರನ್ನು ಚೆಲ್ಲಿ, ಕಲ್ಲುಗಳನ್ನೆಲ್ಲ ತೊಳೆದು, ನಲ್ಲಿಯ ನೀರು ತುಂಬುತ್ತಿದ್ದರು. ಬ್ಯಾಕ್ಟೀರಿಯಾ ನೆಲೆಗೊಳ್ಳಲು ಅವಕಾಶವೇ ಇರಲಿಲ್ಲ. ನಲ್ಲಿ ನೀರಿನ ಕ್ಲೋರಿನ್ ಬೇರೆ. ಪರೀಕ್ಷಿಸಿದಾಗ ಸೊನ್ನೆ ಇರಬೇಕಾದ ಅಮೋನಿಯಾ ಲೀಟರಿಗೆ 1 ಮಿಲಿಗ್ರಾಂ ಇತ್ತು.

ಊಟ ಬಿಡುವುದು ಈ ಜೀವಿಗೆ ಒಂದು ರೋಗವಲ್ಲ. ಅದು ಹೇಳಬಲ್ಲ ಏಕೈಕ ದೂರು. ಕಾರಣಗಳನ್ನು ಸಾಲಾಗಿ ನೋಡುತ್ತಾ ಹೋಗಬೇಕು. ಮೊದಲು ನೀರಿನ ಉಷ್ಣತೆ, ಆಮೇಲೆ ಅಮೋನಿಯಾ. ಆಮೇಲೆ ಜಾಗ ಬದಲಾದ ಗಾಬರಿ. ಹೊಸದಾಗಿ ತಂದ ನ್ಯೂಟ್ ಒಂದೆರಡು ವಾರ ತಿನ್ನದಿರುವುದು ಅಪರೂಪವಲ್ಲ. ಆಮೇಲೆ ಆಹಾರವೇ ಸರಿಯಿದೆಯೇ ಎಂಬ ಪ್ರಶ್ನೆ. ನ್ಯೂಟ್ ಅಲುಗಾಡುವುದನ್ನು ಕಂಡು ಹಿಡಿಯುವ ಬೇಟೆಗಾರ. ತಳದಲ್ಲಿ ಸುಮ್ಮನೆ ಬಿದ್ದ ಮೀನಿನ ಕಾಳು ಅದರ ಕಣ್ಣಿಗೆ ಊಟವೇ ಅಲ್ಲ. ಸಣ್ಣ ಎರೆಹುಳು, ನೀರಿನ ಹುಳುಗಳು ಬೇಕು. ಇವೆಲ್ಲ ಸರಿಯಿದ್ದೂ ತಿನ್ನದಿದ್ದರೆ ಸಣ್ಣ ಕಲ್ಲು ನುಂಗಿದೆಯೇ, ಬಾಯಿ ಬಾತಿದೆಯೇ, ಮೈಮೇಲೆ ಹತ್ತಿಯಂಥ ಬೂಷ್ಟು ಬಂದಿದೆಯೇ ಎಂದು ನೋಡಬೇಕು.

ನಾವು ಮಾಡಿದ್ದು ಸರಳ. ಗಾಳಿಯಾಡುವ ಮುಚ್ಚಳವಿರುವ ಅಗಲವಾದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಎರಡನ್ನೂ ಬೇರೆ ಬೇರೆ ಇಟ್ಟೆವು. ತಳದಲ್ಲಿ ಕಲ್ಲಿಲ್ಲ. ಅಡಗಿಕೊಳ್ಳಲು ಒಂದು ಬೋಕಿ, ಮೇಲೆ ಹತ್ತಿ ಕೂರಲು ಒಂದು ಚಪ್ಪಟೆ ಹೆಂಚು. ಕ್ಲೋರಿನ್ ತೆಗೆದ ನೀರನ್ನು ದಿನವೂ ಸ್ವಲ್ಪ ಸ್ವಲ್ಪವೇ ಬದಲಿಸಿದೆವು. ಮನೆಯ ಅತಿ ತಂಪಾದ ಮೂಲೆಯಲ್ಲಿ, ನೀರಿನ ಮೇಲೆ ಗಾಳಿ ಬೀಸುವಂತೆ ಪುಟ್ಟ ಫ್ಯಾನ್ ಇಟ್ಟೆವು. ನೀರು ಆವಿಯಾಗುವಾಗ ಎರಡು ಮೂರು ಡಿಗ್ರಿ ಇಳಿಯುತ್ತದೆ. ಹೈದರಾಬಾದಿನ ಒಣ ಬೇಸಿಗೆಯಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ, ಮಳೆಗಾಲದಲ್ಲಿ ಅಷ್ಟಿಲ್ಲ. ಹಗಲು ಹೆಪ್ಪುಗಟ್ಟಿದ ನೀರಿನ ಬಾಟಲಿಯೊಂದನ್ನು ತೇಲಿಬಿಡುತ್ತಿದ್ದೆವು. ಒಮ್ಮೆಗೇ ತಣ್ಣೀರು ಸುರಿಯಬಾರದು. ಬಿಸಿಯಷ್ಟೇ ಆ ಆಘಾತವೂ ಕೆಟ್ಟದ್ದು. ಬೆಳ್ಳಿ ತೂಗುವ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ಮೂರು ದಿನಕ್ಕೊಮ್ಮೆ ತೂಕ ನೋಡಿ ಬರೆದಿಟ್ಟೆವು. ಒತ್ತಾಯದಿಂದ ಬಾಯಿ ತೆರೆಸಿ ತಿನ್ನಿಸಲು ಹೋಗಲಿಲ್ಲ. ಅದರ ದವಡೆ ಅಷ್ಟು ನಾಜೂಕು, ಹಿಡಿದರೆ ಗಾಬರಿ ಇನ್ನೂ ಹೆಚ್ಚು. ದೊಡ್ಡ ನ್ಯೂಟ್ ಕೆಲವು ವಾರ ಊಟವಿಲ್ಲದೆಯೂ ಇರಬಲ್ಲದು. ಕೆಟ್ಟ ನೀರಿನಲ್ಲಿ ಅಷ್ಟು ದಿನ ಇರಲಾರದು. ಮೀನಿನ ಅಂಗಡಿಯಲ್ಲಿ ಸಿಗುವ ತಾಮ್ರ ಬೆರೆತ ಔಷಧಗಳನ್ನೂ ಮುಟ್ಟಲಿಲ್ಲ. ಹೀರುವ ಚರ್ಮದ ಈ ಜೀವಿಗೆ ಅವು ವಿಷ. ಇನ್ನೊಂದು ಎಚ್ಚರಿಕೆ ಮಗನಿಗೆ ಹೇಳಿಕೊಟ್ಟದ್ದು: ಈ ನ್ಯೂಟ್‌ಗಳ ಚರ್ಮದಲ್ಲೇ ವಿಷವಿರುತ್ತದೆ. ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಬಾಯಿಗೆ, ಕಣ್ಣಿಗೆ ತಾಗಿಸಬಾರದು.

ಹನ್ನೊಂದನೆಯ ದಿನ ಸಂಜೆ, ದೀಪ ಆರಿಸಿದ ಮೇಲೆ, ಒಂದು ನ್ಯೂಟ್ ಇಕ್ಕಳದ ತುದಿಯಲ್ಲಿ ಅಲುಗುತ್ತಿದ್ದ ಎರೆಹುಳುವಿನ ತುಂಡನ್ನು ಕಚ್ಚಿತು. ಇನ್ನೊಂದು ಅದಕ್ಕೂ ಎರಡು ದಿನ ಮೊದಲೇ ಸತ್ತಿತ್ತು.

ವೈದ್ಯರಿದ್ದಾರೆ, ಈ ರೋಗಿಗೆ ಇಲ್ಲ

ಸತ್ತ ನ್ಯೂಟ್‌ಗೆ ಏನಾಗಿತ್ತು ಎಂಬುದು ಕೊನೆಗೂ ಗೊತ್ತಾಗಲಿಲ್ಲ. ಆ ಮನೆಯವರು ಮೂರು ಖಾಸಗಿ ಸಾಕುಪ್ರಾಣಿ ಕ್ಲಿನಿಕ್‌ಗಳಿಗೆ ಫೋನ್ ಮಾಡಿದ್ದರು. ಎರಡು ಕಡೆ ನಾಯಿ ಬೆಕ್ಕು ಮಾತ್ರ ಎಂದರು. ಮೂರನೆಯ ಕಡೆ ತರಲು ಹೇಳಿದ ವೈದ್ಯರು ನೋಡಿ, ನನಗೆ ಇದರ ಅನುಭವವಿಲ್ಲ, ಗೊತ್ತಿಲ್ಲದೆ ಔಷಧ ಕೊಡಲಾರೆ ಎಂದು ಶುಲ್ಕವನ್ನೂ ತೆಗೆದುಕೊಳ್ಳದೆ ಕಳಿಸಿದರು. ಆ ವೈದ್ಯರ ಪ್ರಾಮಾಣಿಕತೆ ದೊಡ್ಡದು. ನಮ್ಮ ಪಶುವೈದ್ಯ ಶಿಕ್ಷಣದ ಬಹುಪಾಲು ದನ, ಎಮ್ಮೆ, ಕುರಿ, ಕೋಳಿ, ನಾಯಿಗಳ ಸುತ್ತ ಕಟ್ಟಿದ್ದು. ರೈತನ ದೇಶಕ್ಕೆ ಅದು ಸಹಜವೂ ಹೌದು. ಕೆಲವು ಗ್ರಾಂ ತೂಗುವ ಜೀವಿಗೆ ಔಷಧದ ಪ್ರಮಾಣ ಲೆಕ್ಕ ಹಾಕುವುದು ಬೇರೆಯದೇ ವಿದ್ಯೆ.

ಹಾಗೆಂದು ಹೈದರಾಬಾದಿನಲ್ಲಿ ಈ ಜ್ಞಾನವೇ ಇಲ್ಲವೆಂದಲ್ಲ. ಅತ್ತಾಪುರದಲ್ಲಿ ಸಿಸಿಎಂಬಿಯ ಲ್ಯಾಕೋನ್ಸ್ ಪ್ರಯೋಗಾಲಯವಿದೆ. ಅಳಿವಿನಂಚಿನ ಜೀವಿಗಳ ಸಂರಕ್ಷಣೆಗೆಂದೇ ಇರುವ ಈ ಸಂಸ್ಥೆ ಉಭಯವಾಸಿಗಳನ್ನು ಕಾಡುವ ಶಿಲೀಂಧ್ರದ ಪತ್ತೆಯ ಮೇಲೂ ಕೆಲಸ ಮಾಡಿದೆ. ರಾಜೇಂದ್ರನಗರದಲ್ಲಿ ಪಿ.ವಿ. ನರಸಿಂಹರಾವ್ ಹೆಸರಿನ ಪಶುವೈದ್ಯ ವಿಶ್ವವಿದ್ಯಾಲಯವಿದೆ. 1963ರಿಂದ ನೆಹರೂ ಪ್ರಾಣಿಸಂಗ್ರಹಾಲಯವಿದೆ. ಬಿದಿರು ತೊಟ್ಟಿಲಿನಷ್ಟು ಹತ್ತಿರದ ನಮ್ಮ ಬೀದರ್‌ನಲ್ಲಿ ಪಶುವೈದ್ಯಕೀಯ ಮತ್ತು ಮೀನುಗಾರಿಕೆ ಎರಡನ್ನೂ ಒಂದೇ ಸೂರಿನಡಿ ಕಲಿಸುವ ವಿಶ್ವವಿದ್ಯಾಲಯವಿದೆ. ಜ್ಞಾನವಿದೆ, ಕಾಚಿಗೂಡದ ಮೂರನೇ ಮಹಡಿಯಿಂದ ಅಲ್ಲಿಗೆ ಹೋಗುವ ದಾರಿಯಿಲ್ಲ.

ಕಾನೂನು ಏನು ಕೇಳುತ್ತದೆ, ಏನು ಕೇಳುವುದಿಲ್ಲ

ಈಗ ಕಾನೂನಿಗೆ ಬರೋಣ. 2022ರ ತಿದ್ದುಪಡಿ ವನ್ಯಜೀವಿ ಕಾಯ್ದೆಯ ಆರು ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಿತು. ನಾಲ್ಕನೆಯದರಲ್ಲಿ, ಅಳಿವಿನ ಭೀತಿಯ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯ ಜೀವಿಗಳು ಸೇರಿವೆ. ಆ ಪಟ್ಟಿಯ ಜೀವಿಯನ್ನು ಇಟ್ಟುಕೊಂಡವರು ಪರಿವೇಶ್ 2.0 ಜಾಲತಾಣದಲ್ಲಿ ನೋಂದಾಯಿಸಬೇಕು. ಬೇರೆಯವರಿಗೆ ಕೊಟ್ಟರೆ, ಮರಿಯಾದರೆ, ಸತ್ತರೆ ತಿಳಿಸಬೇಕು. 2024ರ ನಿಯಮಗಳು ಹಳೆಯ ಮಾಲೀಕರಿಗೆ ಆರು ತಿಂಗಳ ಕಾಲಾವಕಾಶ ಕೊಟ್ಟಿದ್ದವು.

ಆಕ್ಸಲಾಟಲ್ ಸೈಟಿಸ್‌ನ ಎರಡನೆಯ ಅನುಬಂಧದಲ್ಲಿದೆ. ಹಾಗಾಗಿ ಅದನ್ನು ಸಾಕುವವರಿಗೆ ನೋಂದಣಿ ಕಡ್ಡಾಯ. ಮೊಸಳೆ ನ್ಯೂಟ್ ಎಂದು ಕರೆಯುವ ಏಷ್ಯಾದ ಒಂದು ಕುಲ 2019ರ ಜಿನೀವಾ ಸಭೆಯಲ್ಲಿ ಅದೇ ಅನುಬಂಧಕ್ಕೆ ಸೇರಿತು. ನಮ್ಮ ಹಿಮಾಲಯದ ನ್ಯೂಟ್ ಆ ಕುಲದ್ದೇ. ಆದರೆ ಎಲ್ಲ ನ್ಯೂಟ್‌ಗಳೂ ಪಟ್ಟಿಯಲ್ಲಿಲ್ಲ. ಜಾತಿಯ ಹೆಸರನ್ನೇ ಹೇಳದೆ ಮಾರುವ ಅಂಗಡಿಯಿಂದ ತಂದವರಿಗೆ ತಮ್ಮ ಮನೆಯ ಜೀವಿ ಪಟ್ಟಿಯ ಒಳಗಿದೆಯೋ ಹೊರಗಿದೆಯೋ ತಿಳಿಯುವುದು ಹೇಗೆ? ತಪ್ಪಿದರೆ ಹೊಣೆ ಮಾತ್ರ ಇಟ್ಟುಕೊಂಡವರದು.

ಅಂಗಡಿಗಳಿಗೆ ನಿಯಮವಿಲ್ಲವೇ ಎಂದರೆ ಇದೆ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ಪ್ರತಿ ಅಂಗಡಿಯೂ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಆದರೆ ಆ ನಿಯಮಗಳು ಹೆಸರು ಹಿಡಿದು ಹೇಳುವುದು ನಾಯಿ, ಬೆಕ್ಕು, ಮೊಲ, ಇಲಿ ಜಾತಿಯವು ಮತ್ತು ಹಕ್ಕಿಗಳನ್ನು. ಉಭಯವಾಸಿಗಳ ಹೆಸರಿಲ್ಲ, ಅವು ‘ಇತರ’ ಎಂಬ ಮಾತಿನೊಳಗೆ ತೂರಿಕೊಳ್ಳಬೇಕು. ಅಕ್ವೇರಿಯಂ ಅಂಗಡಿಗಳಿಗೆಂದು 2017ರ ಮೇ ತಿಂಗಳಲ್ಲಿ ಬೇರೆಯೇ ನಿಯಮಗಳು ಬಂದಿದ್ದವು. ವ್ಯಾಪಾರಿಗಳ ವಿರೋಧದ ನಡುವೆ ಅದೇ ವರ್ಷ ಅವನ್ನು ಹಿಂಪಡೆಯಲಾಯಿತು. ನ್ಯೂಟ್ ಮಾರಾಟವಾಗುವುದು ಅಕ್ವೇರಿಯಂ ಅಂಗಡಿಯಲ್ಲಿ. ಅಂದರೆ ಎಲ್ಲಿ ನಿಯಮ ಬೇಕಿತ್ತೋ ಅಲ್ಲಿಯೇ ಖಾಲಿ.

ಪ್ರಾಣಿಹಿಂಸೆ ತಡೆ ಕಾಯ್ದೆ ಇನ್ನೂ ಹಳೆಯದು, 1960ರದು. ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದು ಅದರ 11ನೇ ಕಲಮಿನಡಿ ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಕಾಚಿಗೂಡ ನಿಲ್ದಾಣದೆದುರು ಎರಡು ಚಹಾ ಕುಡಿದರೂ ಅಷ್ಟಾಗುತ್ತದೆ. ಆಹಾರ ಕೊಟ್ಟೂ ಪ್ರಾಣಿ ತಿನ್ನದಂಥ ಬಿಸಿಯಲ್ಲಿ ಇಟ್ಟದ್ದು ‘ಆಸರೆ ಕೊಡದಿರುವುದು’ ಎನಿಸುತ್ತದೆಯೇ? ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ.

ಗಡಿಯಲ್ಲಿ ನಿಗಾ ಇರುವುದು ನಿಜ. 2023ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕರೊಬ್ಬರ ಸಾಮಾನಿನಲ್ಲಿ 234 ಜೀವಿಗಳು ಸಿಕ್ಕವು. ಹಾವು, ಗೋಸುಂಬೆ, ಆಮೆಗಳ ಜೊತೆ ಸತ್ತ ಕಾಂಗರೂ ಮರಿಯೂ ಅದರಲ್ಲಿತ್ತು. ಅಂಥ ಸುದ್ದಿ ಮುಖಪುಟಕ್ಕೆ ಬರುತ್ತದೆ. ಸಿಕ್ಕಿಬೀಳದೆ ಒಳಬಂದವು ಯಾವ ಊರಿನ ಯಾವ ಕೋಣೆಯಲ್ಲಿ ಊಟ ಬಿಟ್ಟವು ಎಂಬುದು ಯಾವ ಪುಟಕ್ಕೂ ಬರುವುದಿಲ್ಲ. ಒಟ್ಟಿನಲ್ಲಿ ನಮ್ಮ ಕಾನೂನು ಜೀವಿಗಳ ತಲೆ ಎಣಿಸಲು ಹೊರಟಿದೆ. ಅವು ಬದುಕುವ ನೀರಿನ ಬಗ್ಗೆ, ಮಾರುವವನ ಮಾತಿನ ಬಗ್ಗೆ, ಚಿಕಿತ್ಸೆಯ ಬಗ್ಗೆ ಅದರಲ್ಲಿ ಏನೂ ಇಲ್ಲ.

‘ಊರಲ್ಲಿ ತಣ್ಣಗಿರುತ್ತೆ’

ಒಂದು ನ್ಯೂಟ್ ಸತ್ತ ಮೇಲೆ ಆ ತಾಯಿ ಒಂದು ಮಾತು ಹೇಳಿದರು. ‘ಇಲ್ಲಿ ಈ ಸೆಕೆಯಲ್ಲಿ ಇದೂ ಉಳಿಯಲ್ಲ ಅಣ್ಣ. ರಜೆಗೆ ಊರಿಗೆ ಹೋಗ್ತೀವಲ್ಲ, ಡಬ್ಬಿಯಲ್ಲಿ ತಗೊಂಡು ಹೋಗಿ ತೋಟದ ಕೆರೆಗೆ ಬಿಟ್ಟುಬಿಡೋಣ ಅಂತಿದೀನಿ. ಊರಲ್ಲಿ ತಣ್ಣಗಿರುತ್ತೆ.’ ಕಾಚಿಗೂಡದಿಂದ ಸಂಜೆ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು, ಅಲ್ಲಿಂದ ಮಧ್ಯಾಹ್ನಕ್ಕೆ ಮೂಡಿಗೆರೆ. ಪ್ರೀತಿಯಿಂದ ಬಂದ ಮಾತು. ಆದರೆ ಈ ಇಡೀ ವಿಷಯದಲ್ಲಿ ನನಗೆ ಅತಿ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಇದೇ ಮಾತು.

ಉಭಯವಾಸಿಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಎಂಬ ಶಿಲೀಂಧ್ರವಿದೆ. ಚರ್ಮದ ಮೂಲಕ ಬದುಕುವ ಜೀವಿಗೆ ಚರ್ಮವೇ ಕೆಟ್ಟರೆ ದೇಹದ ಲವಣಾಂಶ ಏರುಪೇರಾಗಿ ಹೃದಯ ನಿಲ್ಲುತ್ತದೆ. 2019ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದರ ಪ್ರಕಾರ ಈ ರೋಗದಿಂದ ಕನಿಷ್ಠ 501 ಜಾತಿಯ ಉಭಯವಾಸಿಗಳು ಕುಸಿದಿವೆ, ಅವುಗಳಲ್ಲಿ 90 ಜಾತಿಗಳು ಅಳಿದೇ ಹೋಗಿವೆ ಎಂದು ಭಾವಿಸಲಾಗಿದೆ. ಇದರ ಇನ್ನೊಂದು ಬಗೆ ನ್ಯೂಟ್, ಸಲಮಾಂಡರ್‌ಗಳನ್ನೇ ಹಿಡಿಯುತ್ತದೆ. 2010ರ ಸುಮಾರಿಗೆ ನೆದರ್‌ಲೆಂಡ್ಸ್‌ನಲ್ಲಿ ಅಗ್ನಿ ಸಲಮಾಂಡರ್‌ಗಳು ಇದ್ದಕ್ಕಿದ್ದಂತೆ ಕಾಣೆಯಾಗತೊಡಗಿದವು. 2013ರಲ್ಲಿ ಕಾರಣವಾದ ಈ ಹೊಸ ಶಿಲೀಂಧ್ರವನ್ನು ವಿಜ್ಞಾನಿಗಳು ಗುರುತಿಸಿದರು. ಅದರ ಮೂಲ ಏಷ್ಯಾ. ಯುರೋಪಿಗೆ ಅದು ಬಂದದ್ದು ಸಾಕುಪ್ರಾಣಿ ವ್ಯಾಪಾರದ ಮೂಲಕ ಎಂಬುದು ಅವರ ಅಂದಾಜು. ತನ್ನ ಕಾಡಿನಲ್ಲಿ ಅದು ಕಾಣಿಸಿಕೊಳ್ಳುವ ಮೊದಲೇ, 2016ರ ಜನವರಿಯಲ್ಲಿ, ಅಮೆರಿಕ 20 ಕುಲಗಳ 201 ಜಾತಿ ಸಲಮಾಂಡರ್‌ಗಳ ಆಮದಿಗೆ ತಡೆ ಹಾಕಿತು.

ಭಾರತದಲ್ಲಿ, ಪಶ್ಚಿಮಘಟ್ಟದ ಕಪ್ಪೆಗಳಲ್ಲಿಯೂ, ಮೊದಲ ಬಗೆಯ ಕೈಟ್ರಿಡ್ ಪತ್ತೆಯಾಗಿದೆ. ಆಸ್ಟ್ರೇಲಿಯಾ, ಮಧ್ಯ ಅಮೆರಿಕಗಳಲ್ಲಿ ಕಂಡಂಥ ಸಾಮೂಹಿಕ ಸಾವು ಇಲ್ಲಿ ದಾಖಲಾಗಿಲ್ಲ. ಇಲ್ಲಿನ ಕಪ್ಪೆಗಳು ಇಲ್ಲಿನ ತಳಿಯೊಂದಿಗೆ ಹೇಗೋ ಹೊಂದಿಕೊಂಡಿರಬಹುದು. ಹೊರಗಿನಿಂದ ಬೇರೆ ತಳಿಯೊಂದು ಬಂದರೆ ಆ ಹೊಂದಾಣಿಕೆ ಉಳಿಯುತ್ತದೆಂದು ಯಾರೂ ಭರವಸೆ ಕೊಡಲಾರರು. ಇಲ್ಲಿಯೇ ‘ಊರಲ್ಲಿ ತಣ್ಣಗಿರುತ್ತೆ’ ಎಂಬ ಮಾತಿನ ಅಪಾಯ ಇರುವುದು. ಕಪ್ಪೆಗಳನ್ನು ಕಾಡುವ ಕೈಟ್ರಿಡ್ ಚೆನ್ನಾಗಿ ಬೆಳೆಯುವುದು ಸುಮಾರು 17ರಿಂದ 25 ಡಿಗ್ರಿಯಲ್ಲಿ. 30ರ ಬಿಸಿಯಲ್ಲಿ ಅದು ಬಾಳುವುದಿಲ್ಲ. ಹೈದರಾಬಾದಿನ ಬೇಸಿಗೆ ನ್ಯೂಟನ್ನೂ ಕೊಲ್ಲುತ್ತದೆ, ಶಿಲೀಂಧ್ರವನ್ನೂ ಕೊಲ್ಲುತ್ತದೆ. ಮಲೆನಾಡಿನ ತಂಪು ಇಬ್ಬರಿಗೂ ಹಿತ.

ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ ಒಂದು ಕಪ್ಪೆಯಿದೆ. ಹರಿಯುವ ಹಳ್ಳದ ಸದ್ದಿನಲ್ಲಿ ಕೂಗು ಕೇಳಿಸದೆಂದು ಹಿಂಗಾಲು ಚಾಚಿ ಸನ್ನೆ ಮಾಡುವ ಕುಣಿಯುವ ಕಪ್ಪೆ ಅದು. ಮೊಟ್ಟೆಗಳಿಗೆ ಮಣ್ಣು ಮೆತ್ತುವ ಕುಂಬಾರ ಕಪ್ಪೆಯನ್ನು 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಲೋಕಕ್ಕೆ ಪರಿಚಯಿಸಿದರು. ಇವು ಬೇರೆಲ್ಲೂ ಸಿಗದ ಜೀವಿಗಳು. ಜಗತ್ತಿನ ಉಭಯವಾಸಿಗಳಲ್ಲಿ ಸುಮಾರು 41 ಪ್ರತಿಶತ ಅಳಿವಿನ ಭೀತಿಯಲ್ಲಿವೆ ಎಂದು 2023ರ ಸಮೀಕ್ಷೆ ಹೇಳಿದೆ. ಅಂಗಡಿಯಿಂದ ತಂದ ಒಂದು ನ್ಯೂಟ್, ಅಥವಾ ಅದರ ಡಬ್ಬಿಯ ಒಂದು ಚೊಂಬು ನೀರು ತೋಟದ ಕೆರೆಗೆ ಬಿದ್ದರೆ ಏನಾಗಬಹುದೆಂದು ಈ ಲೆಕ್ಕದಲ್ಲಿ ಯೋಚಿಸಬೇಕು.

ಇದು ಅತಿಯಾದ ಭಯ ಎನ್ನುವವರು ಅಕ್ವೇರಿಯಂ ಮೀನಿನ ಕಥೆ ನೋಡಲಿ. ತೊಟ್ಟಿಯ ಪಾಚಿ ತಿನ್ನಲೆಂದು ತಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ದೊಡ್ಡದಾದಾಗ ಜನ ಕೆರೆಗೆ ಬಿಟ್ಟರು. ಇಂದು ಆಂಧ್ರ, ತೆಲಂಗಾಣದ ಮೀನುಗಾರರು ಅದನ್ನು ದೆವ್ವದ ಮೀನು ಎಂದು ಶಪಿಸುತ್ತಾರೆ. ಬಲೆ ಹರಿಯುತ್ತದೆ, ಮಾರಿದರೆ ಕಾಸಿಲ್ಲ. ಪೂರ್ವಘಟ್ಟದ ಜಲಮೂಲಗಳಲ್ಲಿ ಅದು ಹರಡಿರುವುದನ್ನು ಇದೇ ಹೈದರಾಬಾದಿನ ಲ್ಯಾಕೋನ್ಸ್ ವಿಜ್ಞಾನಿಗಳು ನೀರಿನಲ್ಲಿನ ಡಿಎನ್‌ಎ ಪರೀಕ್ಷಿಸಿ ತೋರಿಸಿದ್ದಾರೆ. ಯಾರೂ ಕೆಟ್ಟ ಉದ್ದೇಶದಿಂದ ಬಿಟ್ಟದ್ದಲ್ಲ. ಆಕ್ರಮಣಕಾರಿ ವಿದೇಶಿ ಜೀವಿಗಳನ್ನು ನಿಯಂತ್ರಿಸುವ ಅಧಿಕಾರವನ್ನು 2022ರ ತಿದ್ದುಪಡಿ ಕೇಂದ್ರಕ್ಕೆ ಕೊಟ್ಟಿದೆ. ಅಧಿಕಾರ ಬಂದಿದೆ, ಸಾಕಲಾಗದವರು ಜೀವಿಯನ್ನು ಎಲ್ಲಿ ಒಪ್ಪಿಸಬೇಕು ಎಂಬುದಕ್ಕೆ ಬಾಗಿಲು ಮಾತ್ರ ತೆರೆದಿಲ್ಲ. ಬಾಗಿಲಿಲ್ಲದಿದ್ದರೆ ಜನ ಕೆರೆಯನ್ನೇ ಬಾಗಿಲು ಮಾಡಿಕೊಳ್ಳುತ್ತಾರೆ.

ಮಾಡಬಹುದಾದದ್ದು

ಮೂರು ಕೆಲಸಗಳಿಗೆ ದೊಡ್ಡ ಹಣವೇನೂ ಬೇಡ. ಮೊದಲನೆಯದು, ಮಾರುವವರ ಹೊಣೆ. ಜೀವಿಯ ವೈಜ್ಞಾನಿಕ ಹೆಸರು, ಬೇಕಾದ ಉಷ್ಣತೆ, ಆಹಾರ, ಆಯುಸ್ಸು, ಸೈಟಿಸ್ ಪಟ್ಟಿಯಲ್ಲಿದೆಯೇ ಎಂಬ ಐದು ಸಾಲನ್ನು ರಸೀದಿಯ ಮೇಲೆಯೇ ಬರೆದುಕೊಡಬೇಕೆಂದು ಕಡ್ಡಾಯ ಮಾಡಲಿ. ಔಷಧದ ಮಾತ್ರೆಗೆ ಎಷ್ಟು ಡಿಗ್ರಿಯಲ್ಲಿಡಬೇಕೆಂದು ಬರೆಯುವ ದೇಶದಲ್ಲಿ ಜೀವಕ್ಕೆ ಬರೆಯಲು ಏನು ಕಷ್ಟ? ಎರಡನೆಯದು, ಚಿಕಿತ್ಸೆ. ಪ್ರತಿ ರಾಜ್ಯದ ಒಂದು ಪಶುವೈದ್ಯ ವಿಶ್ವವಿದ್ಯಾಲಯದಲ್ಲಿ ವಾರಕ್ಕೊಂದು ದಿನ ಇಂಥ ಜೀವಿಗಳನ್ನು ನೋಡುವ ಹೊರರೋಗಿ ವಿಭಾಗವಿರಲಿ, ಸತ್ತವನ್ನು ಪರೀಕ್ಷಿಸುವ ಏರ್ಪಾಡಿರಲಿ. ಹೊಸ ರೋಗವೊಂದು ಒಳಬಂದರೆ ಮೊದಲು ತಿಳಿಯುವುದು ಅಲ್ಲಿಯೇ. ಮೂರನೆಯದು, ಒಪ್ಪಿಸುವ ಜಾಗ. ಯಾವ ಪ್ರಶ್ನೆಯನ್ನೂ ಕೇಳದೆ ಜೀವಿಯನ್ನು ಸ್ವೀಕರಿಸುವ ಒಂದು ಕೇಂದ್ರ ಪ್ರತಿ ದೊಡ್ಡ ನಗರದಲ್ಲಿರಲಿ.

ಸರ್ಕಾರ ಮಾಡುವವರೆಗೆ ನಮ್ಮ ಪಾಲಿನದು ನಮಗಿದೆ. ಈ ಕೆಂಪುಹೊಟ್ಟೆಯ ನ್ಯೂಟ್ ಹತ್ತು ವರ್ಷಕ್ಕೂ ಹೆಚ್ಚು ಬಾಳಬಲ್ಲದು. ನಾವು ಬದುಕುವುದು ಹನ್ನೊಂದು ತಿಂಗಳ ಬಾಡಿಗೆ ಕರಾರಿನಲ್ಲಿ. ಇಂದು ಹೈದರಾಬಾದು, ನಾಳೆ ಪುಣೆ, ನಾಡಿದ್ದು ಇನ್ನೆಲ್ಲಿಗೋ. ಮಕ್ಕಳು ಕೇಳಿದಾಗ ಅಂಗಡಿಯವರಿಗೆ ಮೊದಲು ಕೇಳಬೇಕಾದದ್ದು ಬೆಲೆಯಲ್ಲ, ‘ಎಷ್ಟು ಡಿಗ್ರಿ?’ ಎಂಬುದು. ಉತ್ತರ 22ಕ್ಕಿಂತ ಕೆಳಗಿದ್ದು, ಮನೆಯಲ್ಲಿ ಹಗಲಿಡೀ ತಂಪು ಕೊಡಲು ಆಗದಿದ್ದರೆ ಆ ಜೀವಿ ನಮ್ಮ ಮನೆಗಲ್ಲ. ಈಗಾಗಲೇ ಸಾಕುತ್ತಿರುವವರು ಹಳೆಯ ನೀರಿಗೆ ಬ್ಲೀಚಿಂಗ್ ದ್ರಾವಣ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಶೌಚದ ಕೊಳವೆಗೆ ಸುರಿಯಲಿ. ಗಿಡಕ್ಕೆ, ಚರಂಡಿಗೆ, ಕೆರೆಗೆ ಬೇಡ. ಜೀವಿಯನ್ನಾಗಲಿ, ಅದರ ಕಲ್ಲು, ಗಿಡಗಳನ್ನಾಗಲಿ ಊರಿಗೆ ಒಯ್ಯುವುದು ಬೇಡವೇ ಬೇಡ. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದಂಥ, ಕನ್ನಡಿಗರು ಕೂಡುವ ಜಾಗಗಳಲ್ಲಿ ಈ ನಾಲ್ಕು ಮಾತನ್ನು ಹಂಚಿಕೊಂಡರೂ ರಜೆಯ ರೈಲು ಹತ್ತುವ ಎಷ್ಟೋ ಕುಟುಂಬಗಳಿಗೆ ತಲುಪುತ್ತದೆ.

ಪಕ್ಕದ ಮನೆಯ ಹುಡುಗ ಈಗ ತೊಟ್ಟಿಗೆ ಥರ್ಮಾಮೀಟರ್ ಅಂಟಿಸಿ ದಿನಕ್ಕೆರಡು ಸಲ ಬರೆದಿಡುತ್ತಾನೆ. ಬೇಸಿಗೆ ರಜೆಯಲ್ಲಿ ಅವರು ಊರಿಗೆ ಹೋದಾಗ ನ್ಯೂಟ್ ಇಲ್ಲಿಯೇ ಉಳಿಯಿತು. ಪಟ್ಟಿ ಮಾಡಿ ಕೊಟ್ಟಿದ್ದರು: ಎರಡು ದಿನಕ್ಕೊಂದು ಹುಳು, ದಿನಕ್ಕೊಂದು ಐಸ್ ಬಾಟಲಿ. ತೂಕ ಮತ್ತೆ ಏರಿದೆ. ಈ ದೇಶದಲ್ಲಿ ಇಂಥ ತೊಟ್ಟಿಗಳು ಎಷ್ಟಿವೆಯೋ, ಅವುಗಳಲ್ಲಿ ಎಷ್ಟರ ಪಕ್ಕದಲ್ಲಿ ನೀರು ಪರೀಕ್ಷಿಸುವವರು ಸಿಗುತ್ತಾರೆ? ಸಿಗದವರಿಗಾಗಿಯೇ ಕಾನೂನು ಇರಬೇಕಾದದ್ದು.